“ಅವನು ನನ್ನ ಗುರುತು ಹಿಡಿಯುತ್ತಾನಾ?”

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಲಿಲ್ಲಿಬಾಯಿಗೆ 58 ವರ್ಷ. ಮನೆ ಕಾಸರಗೋಡಿನ ಪೆರ್ಲದಿಂದ ಒಳಗೆ, ಗೇರುಗುಡ್ಡದ ಬದಿಯಲ್ಲಿ. ಮಗ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇದ್ದು 31ನೇ ವಯಸ್ಸಿಗೆ ತೀರಿಕೊಂಡ. ಆ ಕಡೆಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆದಿತ್ತು. ಸಂತ್ರಸ್ತರ ಪಟ್ಟಿಯಲ್ಲಿ ಇವನ ಹೆಸರೂ ಇತ್ತು. ಮಾತಿಲ್ಲ, ನಡಿಗೆಯಿಲ್ಲ. ಗಂಜಿ ಕುಡಿಸುವುದು, ಮೈ ಒರೆಸುವುದು, ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವುದು, ಎಲ್ಲ ತಾಯಿಯೇ.

ಮಗ ಹೋಗಿ ನಾಲ್ಕು ತಿಂಗಳಾದರೂ ಎರಡು ಗಂಟೆಗೆ ಎಚ್ಚರವಾಗುವುದು ನಿಂತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಈಸ್ಟರ್ ಆದ ಮೇಲೆ ಇಗರ್ಜಿಗೆ (ಚರ್ಚಿಗೆ) ಹೋಗುವುದನ್ನೂ ಬಿಟ್ಟಿದ್ದರು. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ನಾದಿನಿ ಕರೆದುಕೊಂಡು ಬಂದರು.

“ನನಗೂ ಬೇಗ ಅವನ ಹತ್ತಿರ ಹೋಗಬೇಕು ಮೇಡಂ” ಅಂದರು ಲಿಲ್ಲಿಬಾಯಿ. ಇದನ್ನು ಭಕ್ತಿಯ ಮಾತು ಅಂತ ದಾಟಿಸಿಬಿಡಬಾರದು. “ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಉಂಟಾ?” ಅಂತ ನೇರ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಾದಿನಿಯ ಕೈಲಿ ಬರೆಸಿದೆ. ನಿದ್ದೆ, ಊಟದ ವಿಷಯಕ್ಕೆ ಡಾಕ್ಟರರನ್ನು ಕಾಣಲು ಹೇಳಿದೆ.

ಇಗರ್ಜಿ ಬಿಟ್ಟ ಕಾರಣ ಎರಡನೇ ಭೇಟಿಯಲ್ಲಿ ಹೊರಬಂತು. ಹಿರಿಯರೊಬ್ಬರು ಸಮಾಧಾನ ಹೇಳಿದ್ದರಂತೆ: “ಪುನರುತ್ಥಾನದ ದಿನ (ಸತ್ತವರು ಮತ್ತೆ ಎದ್ದು ಬರುವ ದಿನ) ಅವನು ನಡೆಯುತ್ತಾನೆ, ಮಾತಾಡುತ್ತಾನೆ. ನಂಬಿಕೆ ಇದ್ದರೆ ನೀನು ಅಳಬಾರದು.” ಲಿಲ್ಲಿಬಾಯಿ ಕೇಳಿದ್ದು ಇಷ್ಟು: “ನಡೆಯುವ ಮಗನನ್ನು ನಾನು ನೋಡಿಯೇ ಇಲ್ಲ ಅಲ್ವಾ? ಅವನು ನನ್ನ ಗುರುತು ಹಿಡಿಯುತ್ತಾನಾ? ನಾನು ಹಿಡಿಯುವುದು ಹೇಗೆ?”

ಎಷ್ಟು ದೊಡ್ಡ ಪ್ರಶ್ನೆ ನೋಡಿ. ಇದಕ್ಕೆ ಉತ್ತರ ಕೊಡುವುದು ಆಪ್ತಸಲಹೆಗಾರ್ತಿಯ ಕೆಲಸ ಅಲ್ಲ, ಅದನ್ನು ಅವರಿಗೂ ಹೇಳಿದೆ. ಆದರೆ ಅವರು ದಿನಾ ಓದುವ ಪುಸ್ತಕ ಬೈಬಲ್. ಅದನ್ನೇ ಒಟ್ಟಿಗೆ ತೆರೆದೆವು. ಯೊವಾನ್ನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಸತ್ತು ಮತ್ತೆ ಎದ್ದ ಯೇಸುವನ್ನು ನೋಡಿಯೂ ತೋಟದವನು ಅಂದುಕೊಳ್ಳುತ್ತಾಳೆ. ಹೆಸರು ಹಿಡಿದು ಕರೆದಾಗ ಗೊತ್ತಾಗುತ್ತದೆ. ಶಿಷ್ಯ ತೋಮನಿಗೆ ಯೇಸು ತೋರಿಸಿದ್ದು ಶಿಲುಬೆಯ ಮೊಳೆಯ ಗಾಯ. ಸಾವನ್ನು ಗೆದ್ದ ಶರೀರದಲ್ಲೂ ಗಾಯದ ಗುರುತು ಉಳಿದಿತ್ತು. ಲಿಲ್ಲಿಬಾಯಿ ಆ ಸಾಲನ್ನು ಎರಡು ಸಲ ಓದಿದರು. “ಹಾಗಾದರೆ ಹಳೆಯದೆಲ್ಲ ಅಳಿಸಿಹೋಗುವುದಿಲ್ಲ” ಅಂದರು. ನಾನು ಏನೂ ಸೇರಿಸಲಿಲ್ಲ.

ಅಳುವ ವಿಷಯಕ್ಕೆ ಯೇಸು ಸಾವಿನಿಂದ ಎಬ್ಬಿಸಿದ ಗೆಳೆಯ ಲಾಜರನ ಕಥೆಯೇ ಸಾಕಾಯಿತು. ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅಲ್ಲಿ ಅತ್ತ. ಲಿಲ್ಲಿಬಾಯಿಯ ಒಪ್ಪಿಗೆ ಪಡೆದು ಫಾದರ್ ಹತ್ತಿರವೂ ಮಾತಾಡಿದೆ. ಅಳುವುದು ಪಾಪ ಅಲ್ಲ ಅಂತ ಅವರೇ ಮನೆಗೆ ಹೋಗಿ ಹೇಳಿ ಬಂದರು.

ಒಳಗಿದ್ದ ಗಂಟು ಬಿಚ್ಚಿದ್ದು ಇದರ ನಂತರ. ಮಗನ ಉಸಿರು ನಿಂತಾಗ ಒಂದು ಕ್ಷಣ “ಅಬ್ಬ, ಇನ್ನು ಮಲಗಬಹುದು” ಅನ್ನಿಸಿತಂತೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಸಂಬಂಧಿಕರು “ನಿನಗೆ ಬಿಡುಗಡೆ ಆಯ್ತು” ಅಂದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ಅಷ್ಟು ವರ್ಷ ಸರಿಯಾಗಿ ನಿದ್ದೆ ಮಾಡದ ಮೈ ವಿಶ್ರಾಂತಿ ಕೇಳಿತು, ಮಗ ಸಾಯಲಿ ಅಂತ ನೀವು ಬಯಸಿದ್ದಲ್ಲ ಅಂದೆ. ಒಂದೇ ಸಲಕ್ಕೆ ಒಪ್ಪಲಿಲ್ಲ. ಮುಂದಿನ ಭೇಟಿಗಳಲ್ಲಿ ಮತ್ತೆ ಮತ್ತೆ ಅಲ್ಲಿಗೇ ಬರಬೇಕಾಯಿತು.

ಎರಡು ಗಂಟೆಯ ಎಚ್ಚರಕ್ಕೆ ಹೇಳಿದ ಉಪಾಯ ಸರಳ. ಕತ್ತಲಲ್ಲಿ ಸುಮ್ನೆ ಹೊರಳಾಡಬೇಡಿ. ಎದ್ದು ಕೂತು ನೀರು ಕುಡಿಯಿರಿ. ಮಗನ ಹೆಸರು ಹೇಳಿ ಪ್ರಾರ್ಥನೆ ಮಾಡಿ, ಅಳು ಬಂದರೆ ಅಳಿ, ಮತ್ತೆ ಮಲಗಿ.

ಅವರ ದೊಡ್ಡ ಭಯ ಬೇರೆ ಇತ್ತು. ಇಷ್ಟು ವರ್ಷದ ಚಾಕರಿ ನೀರಿನಲ್ಲಿ ಹೋಮವಾಯಿತಲ್ಲ ಅನ್ನುವುದು. ಇಲ್ಲಿ ಸಂತ ಪೌಲನ ಮಾತು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ ಪುನರುತ್ಥಾನದ್ದೇ. ಅದರ ಕೊನೆಯ ಸಾಲು ಆಕಾಶದ ಕಡೆ ಕೈ ತೋರಿಸುವುದಿಲ್ಲ. ಪ್ರಭುವಿಗಾಗಿ ನೀವು ಪಡುವ ಶ್ರಮ ವ್ಯರ್ಥವಲ್ಲ, ಅದರಲ್ಲಿ ಗಟ್ಟಿಯಾಗಿ ನಿಲ್ಲಿ ಅನ್ನುತ್ತದೆ. ಹಾಗಾದರೆ ಕುಡಿಸಿದ ಗಂಜಿ, ಬದಲಿಸಿದ ಮಗ್ಗುಲು ಯಾವುದೂ ಮಣ್ಣುಪಾಲಾಗಿಲ್ಲ. ನಾಳೆ ಮಾಡುವ ಕೆಲಸವೂ ಅಷ್ಟೇ.

ನಾಳೆಯ ಕೆಲಸ ಯಾವುದು ಅಂತ ನಾನು ಹೇಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರೇ ಕೇಳಿದರು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೊತೆ ಹೋಗಬಹುದಾ ಅಂತ. ಹಾಸಿಗೆ ಹುಣ್ಣು ಆಗದ ಹಾಗೆ ಮಗ್ಗುಲು ಬದಲಿಸುವುದು, ನುಂಗಲು ಕಷ್ಟ ಇರುವವರಿಗೆ ಕೂರಿಸಿ ನಿಧಾನ ಕುಡಿಸುವುದು ಇವರಿಗೆ ಚೆನ್ನಾಗಿ ಗೊತ್ತು. ವಾರಕ್ಕೆ ಒಂದೇ ಮನೆ, ಸುಸ್ತಾದರೆ ನಿಲ್ಲಿಸಬೇಕು ಅಂತ ಷರತ್ತು ಹಾಕಿದೆ. ನೋವು ಮರೆಯಲು ಜಾಸ್ತಿ ದುಡಿಯುವುದು ಬೇಡ.

ನಾದಿನಿಗೆ ಹೇಳಿದ್ದು: “ಬಿಡುಗಡೆ” ಅನ್ನುವ ಮಾತು ಮನೆಯಲ್ಲಿ ಬೇಡ. ಮಗನ ಹೆಸರು ಧಾರಾಳವಾಗಿ ಬರಲಿ. ಅವನ ಮಂಚ ಯಾವಾಗ ತೆಗೆಯಬೇಕು ಅಂತ ಲಿಲ್ಲಿಬಾಯಿಯೇ ಹೇಳಲಿ. ನವೆಂಬರ್ 2ರ ಸತ್ತವರ ದಿನಕ್ಕೆ ಇಬ್ಬರೂ ಇಗರ್ಜಿಗೆ ಹೋದರು. ನಿದ್ದೆ ಹೆಚ್ಚಿನ ರಾತ್ರಿ ಈಗ ಬರುತ್ತದೆ. ಗುರುತಿನ ಪ್ರಶ್ನೆಯನ್ನು ಅವರು ಫಾದರ್ ಹತ್ತಿರ ಈಗಲೂ ಕೇಳುತ್ತಿರುತ್ತಾರೆ.