ಫ್ರಾಂಕ್‌ಫರ್ಟ್‌ನಲ್ಲಿ ಡ್ರಗ್ಸ್ ಎಲ್ಲಾ ಓಪನ್ನಾ?

ಮಾಸ್ಟರ್ಸ್ ಓದಲು ಬಂದು ಇನ್ನೂ ತಿಂಗಳಾಗಿಲ್ಲ ಅಂದಿದ್ದೀರಿ. ಫ್ರಾಂಕ್‌ಫರ್ಟ್ ರೈಲ್ವೆ ಸ್ಟೇಷನ್ ಎದುರಿನ ಬೀದಿಯಲ್ಲಿ ಹಾಡಹಗಲೇ ಜನ ಪೈಪ್ ಹಚ್ಚಿಕೊಂಡು ಕೂತಿದ್ದರು, ಪೊಲೀಸ್ ಗಾಡಿ ಸುಮ್ನೆ ಮುಂದೆ ಹೋಯಿತು. ಮನೆಯಲ್ಲಿ ನೋಡಿದರೆ ರೂಮ್‌ಮೇಟ್ ಬಾಲ್ಕನಿಯಲ್ಲಿ ಗಾಂಜಾ ಗಿಡ ಇಟ್ಟಿದ್ದಾನೆ. ಇಲ್ಲಿ ಎಲ್ಲಾ ಓಪನ್ನಾ ಅಣ್ಣಾ, ಅಂತ ಕೇಳಿದ್ದೀರಿ.

ಖಂಡಿತ ಇಲ್ಲ. ಆದರೆ ಊರಿಂದ ಆಗಷ್ಟೇ ಬಂದವರಿಗೆ ಹಾಗೆ ಅನಿಸುವುದು ಸಹಜ.

ನೀವು ನೋಡಿದ್ದು ಹೆಚ್ಚಾಗಿ ಕ್ರ್ಯಾಕ್ ಇರಬೇಕು, ಅಂದರೆ ಕೊಕೇನ್‌ನಿಂದ ಮಾಡಿ ಪೈಪಿನಲ್ಲಿ ಸೇದುವ ಡ್ರಗ್. ಕ್ರ್ಯಾಕ್ ಆಗಲಿ ಹೆರಾಯಿನ್ ಆಗಲಿ, ಇಟ್ಟುಕೊಳ್ಳುವುದೂ ಮಾರುವುದೂ ಇಲ್ಲೂ ಅಪರಾಧವೇ. ಆದರೆ ಈ ಊರು ಒಂದು ಕೆಟ್ಟ ಕಾಲ ಕಂಡಿದೆ. ಈಗ ಆಫೀಸಿನವರು ಊಟದ ಹೊತ್ತಿಗೆ ಬಂದು ಕೂರುವ ಟೌನುಸಾನ್‌ಲಾಗೆ ಪಾರ್ಕ್ ಇದೆಯಲ್ಲ, 1990ರ ಹೊತ್ತಿಗೆ ಅಲ್ಲಿ ನೂರಾರು ಜನ ಬಯಲಲ್ಲೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು. 1991ರ ಒಂದೇ ವರ್ಷದಲ್ಲಿ ಊರಲ್ಲಿ 147 ಜನ ಡ್ರಗ್ಸ್‌ಗೆ ಬಲಿಯಾದರು. ಪೊಲೀಸರು ಓಡಿಸಿದರೆ ಪಕ್ಕದ ಬೀದಿಗೆ ಹೋಗಿ ಕೂರುತ್ತಿದ್ದರು, ಅಷ್ಟೇ. ಕೊನೆಗೆ ಪೊಲೀಸರು, ಸರ್ಕಾರಿ ವಕೀಲರು, ಆರೋಗ್ಯ ಇಲಾಖೆಯವರು, ವ್ಯಸನಿಗಳಿಗೆ ನೆರವಾಗುವ ಸಂಸ್ಥೆಗಳು ಸೋಮವಾರದ ಸಭೆ ಅಂತ ಒಟ್ಟಿಗೆ ಕೂತು ಮಾತಾಡಲು ಶುರು ಮಾಡಿದರು. 1992ರಲ್ಲಿ ಪಾರ್ಕ್ ಖಾಲಿ ಮಾಡಿಸಿದರು. ಅದರ ಜೊತೆಗೇ ರಾತ್ರಿ ಮಲಗಲು ಜಾಗ, ಹೆರಾಯಿನ್ ಬದಲು ವೈದ್ಯರು ಕೊಡುವ ಮೆಥಡೋನ್ ಔಷಧದ ಚಿಕಿತ್ಸೆ, 1994ರಲ್ಲಿ ಡ್ರಗ್ಸ್ ತೆಗೆದುಕೊಳ್ಳಲೆಂದೇ ಒಂದು ಕೊಠಡಿ. ಸ್ಟೇಷನ್ ಹತ್ತಿರ ನಿಡ್ಡಾ ಬೀದಿಯಲ್ಲೂ ಅಂಥದ್ದೊಂದಿದೆ. ಅಲ್ಲಿ ಡ್ರಗ್ಸ್ ಕೊಡುವುದಿಲ್ಲ. ಹೊಸ ಸೂಜಿ ಕೊಡುತ್ತಾರೆ, ಯಾರಿಗಾದರೂ ಉಸಿರು ಕಟ್ಟಿದರೆ ಉಳಿಸಲು ಸಿಬ್ಬಂದಿ ಪಕ್ಕದಲ್ಲೇ ಇರುತ್ತಾರೆ. ಆಮೇಲೆ ಸಾವುಗಳು ತುಂಬಾ ಕಡಿಮೆಯಾದವು.

ನಮ್ಮ ಕನ್ನಡದವರಲ್ಲೇ ಇದನ್ನು ಬೈಯುವವರು ಇದ್ದಾರೆ. ಮಕ್ಕಳ ಕೈ ಹಿಡಿದು ಆ ಬೀದಿ ದಾಟುವವರ ಸಿಟ್ಟು ನನಗೂ ಅರ್ಥವಾಗುತ್ತದೆ. ಕ್ರ್ಯಾಕ್ ಬಂದ ಮೇಲೆ ಅಲ್ಲಿನ ಸ್ಥಿತಿ ಮತ್ತೆ ಹದಗೆಟ್ಟಿದೆ. ಆದರೂ ನಾನು ಆ ಕೊಠಡಿಗಳ ಪರ. ಜೀವ ಇದ್ದರೆ ತಾನೆ ಚಟ ಬಿಡೋದು? ದಯವಿಟ್ಟು ಅವರ ವಿಡಿಯೋ ಮಾಡಿ ಊರಿನ ಗ್ರೂಪ್‌ಗೆ ಹಾಕಬೇಡಿ. ಯಾರಾದರೂ ಅಲುಗಾಡದೆ ಬಿದ್ದಿದ್ದರೆ 112ಕ್ಕೆ ಫೋನ್ ಮಾಡಿ.

ಗಾಂಜಾ ಕಥೆ ಬೇರೆ. 2024ರ ಏಪ್ರಿಲ್ 1ರಿಂದ 18 ದಾಟಿದವರು ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂವರೆಗೆ ಇಟ್ಟುಕೊಳ್ಳಬಹುದು, 3 ಗಿಡ ಬೆಳೆಯಬಹುದು. ಆದರೆ ಅಂಗಡಿಯಲ್ಲಿ ಮಾರುವ ಹಾಗಿಲ್ಲ, ಬೀದಿಯಲ್ಲಂತೂ ಇಲ್ಲವೇ ಇಲ್ಲ. ಗಿಡ ಬೆಳೆಯುವುದಕ್ಕೂ, ಸದಸ್ಯರಿಗಾಗಿ ಒಟ್ಟಾಗಿ ಗಾಂಜಾ ಬೆಳೆಯುವ ಕ್ಲಬ್ ಸೇರುವುದಕ್ಕೂ ಕನಿಷ್ಠ 6 ತಿಂಗಳಿಂದ ಇಲ್ಲಿ ವಾಸವಿರಬೇಕು. ಅಂದರೆ ರೂಮ್‌ಮೇಟ್‌ಗೆ ಇರುವ ಅವಕಾಶ ನಿಮಗೆ ಇನ್ನೂ ಇಲ್ಲ. ಹೊಸಬರು ಎಡವುವುದು ಇಂಥ ಕಡೆಯೇ.

ಇನ್ನೊಂದು, ಈ ವಿನಾಯಿತಿ ಜರ್ಮನಿಯ ಗಡಿಯೊಳಗೆ ಮಾತ್ರ. ಒಂದು ಗ್ರಾಂ ಕೂಡ ಗಡಿ ದಾಟಿಸುವಂತಿಲ್ಲ. ನಮ್ಮಲ್ಲಿ ಮಾದಕ ವಸ್ತುಗಳ ವಿರುದ್ಧ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಸ್ವಲ್ಪವೇ ಗಾಂಜಾ ಸಿಕ್ಕರೂ ಒಂದು ವರ್ಷದವರೆಗೆ ಜೈಲಾಗಬಹುದು. ಸಿಂಗಾಪುರದಲ್ಲಿ 500 ಗ್ರಾಂ ಮೀರಿ ಸಾಗಿಸಿದರೆ ಗಲ್ಲು. ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ಬ್ಯಾಗು, ಜಾಕೆಟ್ ಜೇಬು ಎಲ್ಲಾ ಒಂದು ಸಲ ನೋಡಿಕೊಳ್ಳಿ. ರೂಮ್‌ಮೇಟ್‌ನ ಬ್ಯಾಗ್ ಎರವಲು ತಗೊಳ್ಳಬೇಡಿ.

ವಾಪಸ್ ಬರುವಾಗ ದುಬೈ ಮೇಲಿಂದ ಬರುತ್ತೀರಾದರೆ ಅಮ್ಮ ಕಟ್ಟಿಕೊಡುವ ಗಸಗಸೆ ಪೊಟ್ಟಣ ಬೇಡವೇ ಬೇಡ. ಅಫೀಮು ಗಿಡದ ಬೀಜ ಅಂತ ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ. ಪಾಯಸಕ್ಕೆ ಇಟ್ಟಿದ್ದು ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ನೋಡಿದರೆ ಬೇಕರಿಯಲ್ಲಿ ಬನ್ ಮೇಲೆಲ್ಲಾ ಅದನ್ನೇ ಉದುರಿಸಿರುತ್ತಾರೆ, ಬಣ್ಣ ಮಾತ್ರ ಕಡುನೀಲಿ. ನಮ್ಮ ಬಿಳಿ ಗಸಗಸೆ ಬೇಕಿದ್ದರೆ ಇಂಡಿಯನ್ ಅಂಗಡಿಯಲ್ಲಿ ಕೇಳಿ.