ದೇವರ ಕುಣಿತವನ್ನು ವಾರವಾರ ಕುಣಿಯಬಹುದೇ? ಹಳ್ಳಿ ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳ್ಳಿ ಪ್ರವಾಸದ ಬಗ್ಗೆಯೇ ಇವೆ. ನಾಲ್ಕು ಪತ್ರ ಊರಿನವರದ್ದು, ಒಂದು ಪ್ರವಾಸ ಹೋಗುವವರದ್ದು. ಹೆಸರು, ಊರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲವನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮೂರ ದೇವರ ಹಬ್ಬ ವರ್ಷಕ್ಕೊಮ್ಮೆ. ಆ ರಾತ್ರಿ ಮಾತ್ರ ಒಂದು ಕುಣಿತ ನಡೆಯುತ್ತದೆ. ಈಗ ಒಂದು ಟೂರಿಸ್ಟ್ ಕಂಪನಿಯವರು ಬಂದು, ಅದನ್ನೇ ಮುಕ್ಕಾಲು ಗಂಟೆಗೆ ಇಳಿಸಿ ಪ್ರತಿ ಶನಿವಾರ ಕುಣಿದರೆ ಒಳ್ಳೆ ದುಡ್ಡು ಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಹುಡುಗರಿಗೆ ಇಷ್ಟ. ಹಿರಿಯರು ಸುತರಾಂ ಒಪ್ಪುತ್ತಿಲ್ಲ. ಯಾರ ಮಾತು ಕೇಳಬೇಕು?

ಇಬ್ಬರದ್ದೂ ಕೇಳಿ. ಆದರೆ ಮೊದಲು ಹಿರಿಯರದ್ದು.

ಇದೇ ಗೊಂದಲ ಇಂಡೋನೇಷ್ಯಾದ ಬಾಲಿಯಲ್ಲಿ ಐವತ್ತು ವರ್ಷಗಳ ಹಿಂದೆಯೇ ಎದ್ದಿತ್ತು. ಪ್ರವಾಸಿಗರು ಜಾಸ್ತಿಯಾದಂತೆ ಗುಡಿಯೊಳಗಿನ ಕುಣಿತಗಳು ಹೊರಗಿನ ವೇದಿಕೆ ಹತ್ತತೊಡಗಿದವು. 1971ರಲ್ಲಿ ಅಲ್ಲಿನ ಕಲಾವಿದರು, ಪಂಡಿತರು, ಅಧಿಕಾರಿಗಳು ಡೆನ್‌ಪಸಾರ್‌ನಲ್ಲಿ ಒಟ್ಟಿಗೆ ಕೂತು ಚರ್ಚೆ ಮಾಡಿದರು. ಕುಣಿತಗಳನ್ನು ಮೂರಾಗಿ ವಿಂಗಡಿಸಿದರು. ಗುಡಿಯ ಒಳಪ್ರಾಂಗಣದಲ್ಲಿ ದೇವರ ಮುಂದೆ ಮಾತ್ರ ಕುಣಿಯುವುದು 'ವಾಲಿ'. ಪೂಜೆಯ ಜೊತೆಗೆ ನಡೆಯುವುದು 'ಬೆಬಾಲಿ'. ಜನರ ಸಂತೋಷಕ್ಕೆ ಎಲ್ಲಿ ಬೇಕಾದರೂ ಕುಣಿಯಬಹುದಾದದ್ದು 'ಬಾಲಿಹ್-ಬಾಲಿಹಾನ್'. 2015ರಲ್ಲಿ ಯುನೆಸ್ಕೋ ಬಾಲಿಯ ಕುಣಿತಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿಕೊಂಡಾಗಲೂ ಇದೇ ಮೂರು ಬಗೆಯಾಗಿ ಸೇರಿಸಿಕೊಂಡಿತು.

ನನಗೆ ಇದಕ್ಕಿಂತ ಇಷ್ಟವಾಗುವುದು ಪೆಂಡೆಟ್ ಕುಣಿತದ ಕಥೆ. ಅದು ಗುಡಿಯಲ್ಲಿ ದೇವರಿಗೆ ಹೂವು ಅರ್ಪಿಸುವ ಕುಣಿತ. ಅದನ್ನೇ ಅತಿಥಿಗಳನ್ನು ಸ್ವಾಗತಿಸಲೂ ಬಳಸತೊಡಗಿದಾಗ ಜನರಿಗೆ ಇರುಸುಮುರುಸಾಯಿತು. ಆಗ ಸ್ವಾಗತಕ್ಕೆಂದೇ ಪನ್ಯೆಂಬ್ರಮ ಎಂಬ ಹೊಸ ಕುಣಿತ ಕಟ್ಟಿದರು. ದೇವರದ್ದು ದೇವರಿಗೇ ಉಳಿಯಲಿ, ಬಂದವರಿಗೂ ಒಂದು ಚೆಂದದ ಕುಣಿತ ಸಿಗಲಿ ಎಂಬುದು ಅವರ ಯೋಚನೆ.

ನೀವೂ ಹೀಗೆಯೇ ಮಾಡಿ. ಒಂದು ಸಂಜೆ ಹಿರಿಯರನ್ನು ನಡುವೆ ಕೂರಿಸಿಕೊಂಡು ಕೇಳಿ. ಇದರಲ್ಲಿ ದೇವರ ಮುಂದೆ ಮಾತ್ರ ನಡೆಯಬೇಕಾದದ್ದು ಯಾವುದು? ಹೊರಗಿನವರು ನೋಡಿದರೆ ಅಡ್ಡಿಯಿಲ್ಲ ಎನ್ನುವುದು ಯಾವುದು? ಎಲ್ಲಿ ಬೇಕಾದರೂ ಕುಣಿಯಬಹುದಾದದ್ದು ಯಾವುದು? ಮೊದಲನೆಯದನ್ನು ಹಿರಿಯರೇ ತೀರ್ಮಾನಿಸಲಿ. ಅದಕ್ಕೆ ಯಾರೂ ಎದುರಾಡಬಾರದು. ಮೂರನೆಯದರಲ್ಲಿ ಹುಡುಗರು ತಮ್ಮ ಕೈಚಳಕ ತೋರಿಸಲಿ. ಅದೇ ಹೆಜ್ಜೆ, ಅದೇ ತಾಳದಿಂದ ಹೊಸದೊಂದು ಕಟ್ಟಲಿ. ಅದಕ್ಕೆ ಬೇರೆ ಹೆಸರಿಡಿ, ಬೇರೆ ಉಡುಗೆ ಮಾಡಿಸಿ. ದೇವರ ಮುಂದೆ ಇಡುವ ವಸ್ತುಗಳು ಯಾವುವೂ ವೇದಿಕೆಗೆ ಬರಬಾರದು.

ಹಬ್ಬದ ಕುಣಿತವನ್ನೇ ಚಿಕ್ಕದು ಮಾಡಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕುಣಿತ ಇರುವುದು ಪುಸ್ತಕದಲ್ಲಲ್ಲ, ಮೈಯಲ್ಲಿ. ವರ್ಷಕ್ಕೆ ಒಂದು ರಾತ್ರಿ ಪೂರ್ತಿ ಕುಣಿದು, ಐವತ್ತು ಶನಿವಾರ ಮುಕ್ಕಾಲು ಗಂಟೆಯದ್ದು ಕುಣಿದರೆ ಮೈ ಯಾವುದನ್ನು ಕಲಿಯುತ್ತದೆ? ಹತ್ತು ವರ್ಷ ಕಳೆದರೆ ಮಕ್ಕಳಿಗೆ ಗೊತ್ತಿರುವುದು ಆ ತುಂಡು ಮಾತ್ರ. ನಡುರಾತ್ರಿಯ ನಂತರದ ನಿಧಾನದ ಹೆಜ್ಜೆಗಳು, ಹಾಡಿನ ಉದ್ದದ ಸಾಲುಗಳು ಮೊದಲು ಹೋಗುತ್ತವೆ. ಅದಕ್ಕಾಗಿ ಯಾರೂ ಹೊಣೆಯಾಗಿರುವುದಿಲ್ಲ, ಸುಮ್ನೆ ಮರೆತುಹೋಗಿರುತ್ತದೆ.

ಬಂದವರಿಗೆ ಸುಳ್ಳು ಹೇಳಬೇಡಿ. 'ಇದು ಅತಿಥಿಗಳಿಗಾಗಿ ಕಟ್ಟಿದ್ದು, ಹಬ್ಬದ್ದು ಬೇರೆಯೇ ಇದೆ' ಎಂದು ಶುರುವಿನಲ್ಲೇ ಹೇಳಿಬಿಡಿ. ಡೀನ್ ಮೆಕ್‌ಕ್ಯಾನೆಲ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಇದರ ಬಗ್ಗೆ ಬರೆದಿದ್ದರು. ಪ್ರವಾಸಿ ಅಸಲಿ ಬದುಕನ್ನು ಹುಡುಕಿಕೊಂಡು ಬರುತ್ತಾನೆ, ಎಷ್ಟೋ ಕಡೆ ಅವನಿಗೆ ಸಿಗುವುದು ಅಸಲಿಯಂತೆ ಕಾಣುವ ಪ್ರದರ್ಶನ ಎಂಬುದು ಅವರ ಮಾತಿನ ಸಾರ. ನಿಮ್ಮಲ್ಲಿ ಹಾಗಾಗುವುದು ಬೇಡ. ನಿಜ ಗೊತ್ತಾದ ಅತಿಥಿ ಬೇಸರ ಮಾಡಿಕೊಳ್ಳುವುದಿಲ್ಲ, ಇನ್ನೂ ಗೌರವದಿಂದ ನೋಡುತ್ತಾನೆ.

ಕಂಪನಿಯ ಜೊತೆ ಕರಾರು ಮಾಡಿಕೊಂಡರೆ ಒಂದು ಸಾಲು ಮರೆಯಬೇಡಿ. ಊರಲ್ಲಿ ಸಾವಾದರೆ, ಕೊಯ್ಲಿನ ಹೊತ್ತಾದರೆ, ಮಕ್ಕಳ ಪರೀಕ್ಷೆ ಇದ್ದರೆ ಶನಿವಾರದ ಕುಣಿತ ಇಲ್ಲ, ಅದಕ್ಕೆ ದಂಡವೂ ಇಲ್ಲ. ಇದು ಬರವಣಿಗೆಯಲ್ಲಿರಲಿ. ಒಪ್ಪದ ಕಂಪನಿ ನಿಮಗೆ ಬೇಡ.

ಪ್ರಶ್ನೆ: ನಮ್ಮದು ಅರವತ್ತು ಮನೆಗಳ ಊರು. ಐದು ಮನೆಗಳಲ್ಲಿ ಹೋಮ್‌ಸ್ಟೇ ಇದೆ, ನಮ್ಮದೂ ಒಂದು. ಚೆನ್ನಾಗಿ ನಡೆಯುತ್ತಿದೆ. ಆದರೆ ಉಳಿದವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮೊದಲು ದಾರಿ ಕೆಟ್ಟರೆ ಎಲ್ಲರೂ ಸೇರಿ ಸರಿಮಾಡುತ್ತಿದ್ದೆವು. ಈಗ 'ನಿಮ್ಮ ಗಿರಾಕಿಗಳ ದಾರಿ, ನೀವೇ ಮಾಡಿಕೊಳ್ಳಿ' ಎನ್ನುತ್ತಾರೆ. ನಮ್ಮ ತಪ್ಪೇನು?

ನೀವು ದುಡಿದು ತಿನ್ನುತ್ತಿದ್ದೀರಿ, ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಮಾತು ಯೋಚಿಸಿ. ಅತಿಥಿ ಬರುವುದು ನಿಮ್ಮ ಮನೆಯ ಹಾಸಿಗೆ ನೋಡಿಯಾ? ಅವನಿಗೆ ಬೇಕಾದದ್ದು ಆ ಓಣಿ, ಆ ಹೊಲ, ಕೆರೆಯ ಏರಿ, ಕಟ್ಟೆಯ ಮೇಲೆ ಕೂತು ಮಾತಾಡುವ ಜನ. ಅದನ್ನೆಲ್ಲ ಹಾಗೆ ಇಟ್ಟುಕೊಂಡಿರುವವರು ಅರವತ್ತು ಮನೆಯವರು. ದುಡ್ಡು ಮಾತ್ರ ಐದು ಮನೆಗೆ. ಕಾರಿನ ಧೂಳು, ರಾತ್ರಿಯ ಗಲಾಟೆ ಎಲ್ಲರಿಗೂ. ಅವರ ಸಿಟ್ಟಿಗೆ ಕಾರಣ ಇದೆ ಅಲ್ವಾ?

ನೇಪಾಳದ ಸ್ಯಾಂಗ್ಜಾ ಜಿಲ್ಲೆಯಲ್ಲಿ ಸಿರುಬಾರಿ ಎಂಬ ಗುರುಂಗ್ ಜನರ ಹಳ್ಳಿಯಿದೆ. 1997ರಲ್ಲಿ ಅಲ್ಲಿ ಹಳ್ಳಿ ಪ್ರವಾಸ ಶುರುವಾಯಿತು. ಅಲ್ಲಿ ಅತಿಥಿ ತಾನೇ ಹೋಗಿ ಮನೆ ಆರಿಸಿಕೊಳ್ಳುವುದಿಲ್ಲ. ಊರಿನ ಸಮಿತಿ ಸರದಿಯಂತೆ ಮನೆ ತೋರಿಸುತ್ತದೆ. ಈ ಸರದಿಯ ಪದ್ಧತಿ ತುಂಬ ಸರಳ, ಅದಕ್ಕೇ ಚೆನ್ನಾಗಿ ನಡೆಯುತ್ತದೆ. ಚೆಂದದ ಬಾಲ್ಕನಿ ಇರುವ ಮನೆಗೇ ಎಲ್ಲರೂ ನುಗ್ಗುವುದು ತಪ್ಪುತ್ತದೆ, ದರ ಇಳಿಸಿ ಪೈಪೋಟಿ ಮಾಡುವುದೂ ನಿಲ್ಲುತ್ತದೆ.

ಎಲ್ಲರ ಮನೆಯಲ್ಲೂ ಕೋಣೆ ಇರುವುದಿಲ್ಲ, ನಿಜ. ಕೇರಳದ ಕುಮರಕಂ ನೋಡಿ. 2008ರ ಹೊತ್ತಿಗೆ ಅಲ್ಲಿ ಹೊಣೆಯರಿತ ಪ್ರವಾಸೋದ್ಯಮದ ಕೆಲಸ ಶುರುವಾದಾಗ, ಕುಟುಂಬಶ್ರೀ ಸಂಘದ ಹೆಂಗಸರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವಂತೆ ಏರ್ಪಾಡು ಮಾಡಿದರು. ಕೋಣೆ ಇಲ್ಲದವರೂ ಪಾಲುದಾರರಾದರು. ನಿಮ್ಮಲ್ಲೂ ಹಾಲು ಕೊಡುವ ಮನೆ ಒಂದು, ತರಕಾರಿ ಇನ್ನೊಂದು, ಹಾಸಿಗೆ ಬಟ್ಟೆ ಒಗೆಯುವವರು ಮತ್ತೊಬ್ಬರು, ದಾರಿ ತೋರಿಸುವ ಹುಡುಗ ಇನ್ನೊಬ್ಬ ಎಂದು ಹಂಚಬಹುದು. ಪೇಟೆಯಿಂದ ಮೂಟೆ ತರಿಸುವುದು ಸುಲಭ ಎನಿಸುತ್ತದೆ. ಆದರೆ ಆ ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಜೊತೆಗೆ ಒಂದು ಊರ ನಿಧಿ ಮಾಡಿ. ಅತಿಥಿ ಕೊಟ್ಟ ದುಡ್ಡಿನಲ್ಲಿ ಗೊತ್ತುಮಾಡಿದ ಪಾಲು ನಿಮ್ಮ ಜೇಬಿಗೆ ಹೋಗುವ ಮೊದಲೇ ನಿಧಿಗೆ ಹೋಗಲಿ. ಎಷ್ಟು ಎಂಬುದನ್ನು ಅರವತ್ತು ಮನೆಯವರೂ ಸೇರಿ ನಿಶ್ಚಯಿಸಲಿ. ಲೆಕ್ಕವನ್ನು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಯಿರಿ. ಎಷ್ಟೋ ಊರಿನ ನಿಧಿಗಳು ಕೆಡುವುದು ಕಳ್ಳತನದಿಂದಲ್ಲ, ಲೆಕ್ಕ ಕಾಣದೆ ಹುಟ್ಟುವ ಅನುಮಾನದಿಂದ.

ನೀವು ಕೇಳದಿದ್ದರೂ ಹೇಳುತ್ತೇನೆ. ಅತಿಥಿ ಬಂದರೆ ಮನೆಯಲ್ಲಿ ಯಾರ ಕೆಲಸ ಜಾಸ್ತಿಯಾಗುತ್ತದೆ? ಬೆಳಗ್ಗೆ ಐದಕ್ಕೆ ಎದ್ದು ನೀರು ಕಾಯಿಸುವುದು, ಅಡುಗೆ, ಪಾತ್ರೆ, ಹಾಸಿಗೆ ಎಲ್ಲ ಹೆಂಗಸರ ತಲೆ ಮೇಲೆ. ನಗುನಗುತ್ತಾ ಮಾತಾಡಿ ದುಡ್ಡು ಎಣಿಸಿಕೊಳ್ಳುವುದು ಗಂಡಸರು. ಆ ದುಡ್ಡು ದುಡಿದವರ ಖಾತೆಗೇ ಹೋಗಲಿ. ಸಮಿತಿಯಲ್ಲೂ ಅವರು ಕೂರಲಿ. 'ಈ ವಾರ ಅತಿಥಿ ಬೇಡ, ನನಗೆ ಆಗುವುದಿಲ್ಲ' ಎನ್ನುವ ಹಕ್ಕೂ ಅವರಿಗಿರಲಿ.

ಇನ್ನು, ಹೊಲ ಬಿಡಬೇಡಿ. 2020ರಲ್ಲಿ ಕೋವಿಡ್ ಬಂದಾಗ ಪ್ರವಾಸಿಗರು ಕೆಲವೇ ವಾರಗಳಲ್ಲಿ ಪೂರ್ತಿ ನಿಂತುಹೋದರು. ಉಳುಮೆ ಇಟ್ಟುಕೊಂಡವರಿಗೆ ಊಟಕ್ಕಾದರೂ ದಾರಿಯಿತ್ತು.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ನಮ್ಮ ಹಳೇ ಮನೆ ನೋಡಲು ಜನ ಬರುತ್ತಾರೆ. ಕೇಳದೆ ಜಗಲಿ ಹತ್ತುತ್ತಾರೆ, ಕಿಟಕಿಯಲ್ಲಿ ಇಣುಕುತ್ತಾರೆ. ನಾನು ನಲ್ಲಿ ಹತ್ತಿರ ಬಟ್ಟೆ ಒಗೆಯುವಾಗಲೂ ಫೋಟೋ ತೆಗೆಯುತ್ತಾರೆ. ಮಗ 'ಅವರಿಂದಲೇ ಊರಿಗೆ ದುಡ್ಡು, ಸುಮ್ಮನಿರು' ಎನ್ನುತ್ತಾನೆ. ನಾನು ಸುಮ್ಮನಿರಬೇಕೇ?

ಸುಮ್ಮನಿರಬೇಡಿ ಅಮ್ಮಾ. ಅದು ನಿಮ್ಮ ಮನೆ.

ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. 1975ರಲ್ಲಿ ಜಾರ್ಜ್ ಡಾಕ್ಸಿ ಎಂಬ ಸಂಶೋಧಕ, ಪ್ರವಾಸಿಗರ ಬಗ್ಗೆ ಊರಿನವರ ಮನಸ್ಸು ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ ಎಂದು ವಿವರಿಸಿದರು. ಮೊದಲು ಸಂಭ್ರಮ, ಆಮೇಲೆ 'ಬಂದರೆ ಬರಲಿ' ಎಂಬ ಭಾವ, ಆಮೇಲೆ ಕಿರಿಕಿರಿ, ಕೊನೆಗೆ ಹಗೆತನ. ನೀವು ಈಗ ಮೂರನೇ ಮೆಟ್ಟಿಲಲ್ಲಿದ್ದೀರಿ. ಇಲ್ಲಿಯೇ ಸರಿಮಾಡದಿದ್ದರೆ ಮುಂದಿನದು ಕಷ್ಟ. ಆಸ್ಟ್ರಿಯಾದ ಹಾಲ್‌ಷ್ಟಾಟ್ ಎಂಬ ಸರೋವರದ ದಂಡೆಯ ಊರಲ್ಲಿ 800ಕ್ಕಿಂತ ಕಡಿಮೆ ಜನ ಇದ್ದಾರೆ. ಸೀಸನ್ನಿನಲ್ಲಿ ಒಂದೇ ದಿನ 10,000 ಜನ ಬಂದದ್ದಿದೆ. 2023ರಲ್ಲಿ, ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದ ಜಾಗಕ್ಕೆ ಮರದ ಬೇಲಿ ಅಡ್ಡ ಕಟ್ಟಿದರು. ಸ್ವಲ್ಪ ದಿನದಲ್ಲೇ ತೆಗೆದರು. ಆದರೆ ತಮ್ಮೂರಿನ ಚೆಂದಕ್ಕೆ ತಾವೇ ಅಡ್ಡ ಕಟ್ಟಬೇಕೆಂದು ಅನಿಸುವಷ್ಟು ರೋಸಿಹೋಗಿದ್ದರು ಅಂದರೆ ಯೋಚಿಸಿ.

ಊರ ಬಾಗಿಲಲ್ಲಿ ಒಂದು ಫಲಕ ಹಾಕಿಸಿ. ಈ ಈ ಓಣಿಗೆ ಬನ್ನಿ, ಈ ಈ ಮನೆ ನೋಡಬಹುದು, ಉಳಿದದ್ದು ಜನ ವಾಸ ಮಾಡುವ ಜಾಗ. ನೀರಿನ ಹತ್ತಿರ, ಮಕ್ಕಳದ್ದು, ಪೂಜೆಯದ್ದು ಫೋಟೋ ಬೇಡ. ಬೆಳಗ್ಗೆ ಇಷ್ಟು ಹೊತ್ತಿನ ನಂತರ, ಸಂಜೆ ಇಷ್ಟು ಹೊತ್ತಿನೊಳಗೆ. ಫಲಕ ಇದ್ದರೆ ಬೇಡ ಎನ್ನುವ ಕಷ್ಟ ನಿಮ್ಮೊಬ್ಬರ ಮೇಲೆ ಬೀಳುವುದಿಲ್ಲ. ಊರೇ ಹೇಳಿದಂತಾಗುತ್ತದೆ. ಮನೆ ತೋರಿಸಲು ನಿಮಗೆ ಇಷ್ಟವಿದ್ದ ದಿನ ಬಾಗಿಲಿಗೆ ಒಂದು ಗುರುತು ಕಟ್ಟಿ. ಇಲ್ಲದ ದಿನ ಬಾಗಿಲು ಹಾಕಿಕೊಂಡು ಮಲಗಿ.

ಪ್ರಶ್ನೆ: ಹೊರಗಿನವರೊಬ್ಬರು ನಮ್ಮ ಗುಡ್ಡದ ಜಾಗ ಲೀಸಿಗೆ ಕೇಳುತ್ತಿದ್ದಾರೆ. ಕಾಟೇಜ್, ಈಜುಕೊಳ ಕಟ್ಟುತ್ತಾರಂತೆ. ಊರಿಗೆ ಒಳ್ಳೆಯದೇ?

ಅವಸರ ಮಾಡಬೇಡಿ. ಜಪಾನಿನ ಶಿರಾಕಾವಾ ಪ್ರದೇಶದಲ್ಲಿ ಒಗಿಮಾಚಿ ಎಂಬ ಹಳ್ಳಿಯಿದೆ. ಕಡಿದಾದ ಹುಲ್ಲಿನ ಸೂರಿನ ಮನೆಗಳಿಗೆ ಅದು ಹೆಸರುವಾಸಿ. 1971ರಲ್ಲೇ ಅಲ್ಲಿನ ಜನ ಸಂಘ ಕಟ್ಟಿಕೊಂಡು ಮೂರು ಕಟ್ಟಳೆ ಮಾಡಿದರು. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಯುನೆಸ್ಕೋ ಪಟ್ಟಿಗೆ ಆ ಊರು ಸೇರಿದ್ದು 1995ರಲ್ಲಿ, ಅಂದರೆ 24 ವರ್ಷದ ಮೇಲೆ. ಪ್ರವಾಸಿಗರ ದಂಡು ಬರುವ ಮೊದಲೇ ಊರು ಗಟ್ಟಿಯಾಗಿ ನಿಂತಿತ್ತು. ಅಲ್ಲಿ ಸೂರಿಗೆ ಹುಲ್ಲು ಹೊದಿಸಲು ನೂರಕ್ಕೂ ಹೆಚ್ಚು ಜನ ಒಟ್ಟಾಗಿ ಕೈಹಾಕುತ್ತಾರೆ. ಅದನ್ನು 'ಯುಯಿ' ಎನ್ನುತ್ತಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನಾವು ಹೇಳುವುದೂ ಇದನ್ನೇ. ಜಾಗ ಒಬ್ಬೊಬ್ಬರಾಗಿ ಹೊರಗಿನವರ ಕೈಗೆ ಹೋದರೆ ಇಂಥ ಕೂಡುಕೆಲಸಕ್ಕೆ ಯಾರು ಉಳಿಯುತ್ತಾರೆ?

ಹೊಸದು ಕಟ್ಟುವ ಮೊದಲು ಊರಲ್ಲಿ ಬೀಗ ಹಾಕಿರುವ ಮನೆಗಳನ್ನು ಎಣಿಸಿ. ಇಟಲಿಯಲ್ಲಿ 'ಅಲ್ಬೆರ್ಗೊ ದಿಫ್ಫೂಸೊ' ಎಂಬ ಪದ್ಧತಿಯಿದೆ, ಚದುರಿದ ಹೋಟೆಲ್ ಎಂದು ಅದರ ಅರ್ಥ. 1976ರ ಭೂಕಂಪದ ನಂತರ ಫ್ರಿಯುಲಿ ಪ್ರದೇಶದ ಖಾಲಿ ಮನೆಗಳನ್ನು ಏನು ಮಾಡುವುದು ಎಂಬ ಯೋಚನೆಯಿಂದ ಹುಟ್ಟಿದ್ದು. ಊರೊಳಗಿನ ಹಳೇ ಮನೆಗಳೇ ಕೋಣೆಗಳು, ಸ್ವಾಗತದ ಮೇಜು ಒಂದೇ ಕಡೆ. ಅತಿಥಿ ಗುಡ್ಡದ ಮೇಲೆ ಬೇರೆಯಾಗಿ ಇರುವುದಿಲ್ಲ, ನೆರೆಯವನಾಗಿ ಇರುತ್ತಾನೆ.

ಎಷ್ಟು ಅತಿಥಿ ಸಾಕು ಎಂಬ ಲೆಕ್ಕವನ್ನು ಬೇಸಿಗೆಯ ಕೊನೇ ವಾರದ ನೀರಿನಿಂದ ಮಾಡಿ. ಮಳೆಗಾಲದ ತುಂಬಿದ ಬಾವಿ ನೋಡಿ ಲೆಕ್ಕ ಹಾಕಿದವರು ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಸುತ್ತಾರೆ. ಈಜುಕೊಳದ ಬಗ್ಗೆ ನನ್ನ ಉತ್ತರ ಇದರಲ್ಲೇ ಇದೆ.

ಪ್ರಶ್ನೆ: ನಾವು ಗೆಳತಿಯರು ನಾಲ್ವರು ಒಂದು ಹಳ್ಳಿಗೆ ಹೋಗಬೇಕೆಂದಿದ್ದೇವೆ. ಊರಿನವರಿಗೆ ಹೊರೆಯಾಗದಂತೆ ಹೇಗೆ ಹೋಗುವುದು?

ಒಂದು ದಿನಕ್ಕೆ ನಾಲ್ಕು ಊರು ನೋಡುವ ಬದಲು ಒಂದೇ ಊರಲ್ಲಿ ಮೂರು ದಿನ ಇರಿ. ವಾರದ ನಡುವೆ ಹೋಗಿ. ಶನಿವಾರ, ಭಾನುವಾರದ ನೂಕುನುಗ್ಗಲು ಊರಿಗೂ ಕಷ್ಟ, ನಿಮಗೂ ಸುಖವಿಲ್ಲ. ಮನೆಯವರು ಉಣ್ಣುವುದನ್ನೇ ಉಣ್ಣಿ, ಅವರು ಮಲಗುವ ಹೊತ್ತಿಗೆ ದೀಪ ಆರಿಸಿ. ಮಕ್ಕಳಿಗೆ ಚಾಕೊಲೇಟು, ದುಡ್ಡು ಹಂಚಬೇಡಿ. ಅದರಿಂದ ಕೈಚಾಚುವ ರೂಢಿ ಬೀಳುತ್ತದೆ. ಕೊಡುವ ಮನಸ್ಸಿದ್ದರೆ ಶಾಲೆಯ ಮೇಷ್ಟ್ರನ್ನು ಕೇಳಿ. ಕಸವನ್ನು ನಿಮ್ಮ ಚೀಲದಲ್ಲೇ ಪೇಟೆಗೆ ವಾಪಸ್ ತನ್ನಿ, ಹಳ್ಳಿಯಲ್ಲಿ ಪ್ಲಾಸ್ಟಿಕ್ ಹೋಗುವುದು ಹೆಚ್ಚಾಗಿ ಬೆಂಕಿಗೆ ಅಥವಾ ಹಳ್ಳಕ್ಕೆ. ಫೋಟೋ ತೆಗೆಯುವ ಮೊದಲು ಕೇಳಿ, ತೆಗೆದದ್ದನ್ನು ಅವರಿಗೂ ತೋರಿಸಿ. ನಿಮ್ಮ ಊರಿಗೆ ಹಿಂತಿರುಗಿದ ಮೇಲೆ ಒಂದೆರಡು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಎಷ್ಟೋ ಅಜ್ಜಿಯರು ಸಾವಿರ ಸಲ ಫೋಟೋ ತೆಗೆಸಿಕೊಂಡಿದ್ದರೂ ಅವರ ಮನೆ ಗೋಡೆಯಲ್ಲಿ ಅವರದ್ದೊಂದು ಚಿತ್ರ ಇರುವುದಿಲ್ಲ.