ವಿಶೇಷ ಶಿಕ್ಷಕರ ಬಳಿ ಕಳಿಸಿದರೆ ತರಗತಿಯ ಪಾಠ ತಪ್ಪುವುದೇ?

ಪ್ರಶ್ನೆ: ಮಗ 3ನೇ ತರಗತಿ. ಬಾಯಿಲೆಕ್ಕ ಚುರುಕು, ಕೇಳಿದ ಕಥೆಯನ್ನು ಚೆನ್ನಾಗಿ ಹೇಳುತ್ತಾನೆ. ಓದಲು ಮಾತ್ರ ತಡವರಿಸುತ್ತಾನೆ. ವಾರಕ್ಕೆ 4 ದಿನ, ಅರ್ಧ ಗಂಟೆ ವಿಶೇಷ ಶಿಕ್ಷಕರ ಬಳಿ ಕಳಿಸುತ್ತೇವೆ ಎಂದಿದ್ದಾರೆ. ಅಲ್ಲಿ ಏನು ಮಾಡಿಸುತ್ತಾರೆ? ತರಗತಿಯ ಪಾಠ ತಪ್ಪುವುದಿಲ್ಲವೇ?

ಉತ್ತರ: ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ದೃಷ್ಟಿಯದೋ ಕೇಳುವಿಕೆಯದೋ ತೊಂದರೆಯಿದ್ದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಆಮೇಲೆ ಶಿಕ್ಷಕರು ಈಗಿನ ಮಟ್ಟ ಅಳೆಯುತ್ತಾರೆ. ಹಿಂದೆ ನೋಡಿರದ ಭಾಗವೊಂದನ್ನು 1 ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸುತ್ತಾರೆ. ಇಂಥ 3 ಭಾಗ ಓದಿಸಿ, ನಡುವಿನ ಸಂಖ್ಯೆಯನ್ನು ಹಿಡಿಯುತ್ತಾರೆ. ಸಂಖ್ಯೆಯಷ್ಟೇ ಮುಖ್ಯವಾದದ್ದು ಎಲ್ಲಿ ಎಡವುತ್ತಾನೆ ಎಂಬುದು: ಗುಣಿತದ ದೀರ್ಘದಲ್ಲೋ, ಒತ್ತಕ್ಷರದಲ್ಲೋ, ಉದ್ದ ಪದದ ಕೊನೆಯ ಪ್ರತ್ಯಯ ನುಂಗುವುದರಲ್ಲೋ.

ಇದರ ಮೇಲೆ ಅವನಿಗೆಂದೇ ಒಂದು ಕಲಿಕಾ ಯೋಜನೆ ಬರೆಯಬೇಕು. ‘ಓದು ಸುಧಾರಿಸಬೇಕು’ ಎಂದು ಬರೆದರೆ ಅದು ಗುರಿಯಲ್ಲ, ಆಸೆ. ‘12 ವಾರಗಳಲ್ಲಿ, ಒತ್ತಕ್ಷರವಿರುವ 20 ಹೊಸ ಪದಗಳಲ್ಲಿ 18ನ್ನು ನೆರವಿಲ್ಲದೆ ಓದುವುದು’ ಎಂದಿದ್ದರೆ ಮುಟ್ಟಿದನೋ ಇಲ್ಲವೋ ಯಾರಾದರೂ ಹೇಳಬಹುದು.

ಅರ್ಧ ಗಂಟೆಯಲ್ಲಿ 3–4 ಮಕ್ಕಳ ಗುಂಪು ಸಾಕು. 5 ನಿಮಿಷ ಹಿಂದಿನದರ ಪುನರಾವರ್ತನೆ, 10 ನಿಮಿಷ ಒಂದೇ ಒಂದು ಹೊಸ ಅಂಶ, 10 ನಿಮಿಷ ಅದೇ ಅಂಶವಿರುವ ವಾಕ್ಯಗಳ ಓದು, ಉಳಿದದ್ದು ಉಕ್ತಲೇಖನ. ಕ್ರಮವೂ ಲೆಕ್ಕಕ್ಕೆ ಬರುತ್ತದೆ. ‘ಅಕ್ಕ’, ‘ಅಮ್ಮ’ಗಳಂಥ ಸಜಾತೀಯ ಒತ್ತು ಮೊದಲು, ‘ಶಕ್ತಿ’, ‘ಪುಸ್ತಕ’ ಆಮೇಲೆ. ‘ಸೂರ್ಯ’ದ ಅರ್ಕಾವತ್ತು ಕೊನೆಗಿರಲಿ; ಅಲ್ಲಿ ಮೊದಲು ಉಚ್ಚರಿಸುವುದನ್ನು ಆಮೇಲೆ ಬರೆಯುತ್ತೇವೆ, ಮಗು ಗೊಂದಲಕ್ಕೆ ಬೀಳುವುದು ಸಹಜ.

ಪಾಠ ತಪ್ಪುವ ಭಯ ನಿಜವಾದದ್ದೇ. ಹೊಸ ಪಾಠ ನಡೆಯುವಾಗ ಎಬ್ಬಿಸಿ ಕರೆದೊಯ್ದರೆ ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಯಿತು. ಆಟದ ಅವಧಿಯನ್ನು ಕಿತ್ತುಕೊಂಡರಂತೂ ಅವನಿಗೆ ಅದು ಶಿಕ್ಷೆಯಾಗುತ್ತದೆ. ಉಳಿದವರು ತಾವಾಗಿ ಅಭ್ಯಾಸ ಮಾಡುವ ಹೊತ್ತನ್ನು ಕೇಳಿ ಪಡೆಯಿರಿ. ಈ ಅರ್ಧ ಗಂಟೆ ಹೋಂವರ್ಕ್ ಮುಗಿಸುವ ಟ್ಯೂಷನ್ ಆಗಿಬಿಡುವುದು ಬಹಳ ಕಡೆ ಕಾಣುವ ತಪ್ಪು. ಹಾಗಾದರೆ ಬುನಾದಿಯ ಕೊರತೆ ಹಾಗೇ ಉಳಿಯುತ್ತದೆ.

ವಾರಕ್ಕೊಮ್ಮೆ ಆ 1 ನಿಮಿಷದ ಓದಿನ ಫಲವನ್ನು ನಕ್ಷೆಯಲ್ಲಿ ಗುರುತಿಸಬೇಕು. ಈಗಿನ ಮಟ್ಟದಿಂದ ಮುಟ್ಟಬೇಕಾದ ಮಟ್ಟಕ್ಕೆ ಎಳೆದದ್ದು ಗುರಿಯ ಗೆರೆ; ಸತತ 4 ಗುರುತು ಅದಕ್ಕಿಂತ ಕೆಳಗಿದ್ದರೆ ಕಲಿಸುವ ವಿಧಾನ ಬದಲಾಗಬೇಕು. ವರ್ಷದ ಕೊನೆಯವರೆಗೆ ಕಾಯುವಂತಿಲ್ಲ. ಆ ನಕ್ಷೆಯನ್ನು ನೋಡಲು ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಮಗಳ ಪಕ್ಕ ಇಡೀ ದಿನ ಸಹಾಯಕಿ ಕೂರುತ್ತಾರೆ. ಈಗ ಅವರು ಹೇಳದೆ ಪೆನ್ಸಿಲ್ ಕೂಡ ಎತ್ತುವುದಿಲ್ಲ. ಏನು ಮಾಡಲಿ?

ಉತ್ತರ: ನೆರವು ಅತಿಯಾದ ಲಕ್ಷಣವಿದು, ಮಗುವಿನ ತಪ್ಪಲ್ಲ. ಸಹಾಯಕಿ ಪಕ್ಕದಿಂದ ಎದ್ದು ಎರಡು ಹೆಜ್ಜೆ ಹಿಂದೆ ಕೂರಲಿ. ತರಗತಿಯ ಶಿಕ್ಷಕಿ ಸೂಚನೆಯನ್ನು ನೇರವಾಗಿ ಮಗುವಿಗೇ ಹೇಳಲಿ. ಹೇಳಿದ ಮೇಲೆ 5ರಿಂದ 10 ಸೆಕೆಂಡು ಸುಮ್ಮನಿರಬೇಕು. ಈ ಮೌನವೇ ದೊಡ್ಡವರಿಗೆ ಕಷ್ಟ. ಆಗಲೂ ಶುರು ಮಾಡದಿದ್ದರೆ ಬೆರಳಿನ ಸನ್ನೆ, ಆಮೇಲೆ ಒಂದು ಮಾತು, ಕೈ ಹಿಡಿಯುವುದು ಕಟ್ಟಕಡೆಗೆ. ಕೆಲಸದ ಹಂತಗಳ ಚಿತ್ರಪಟ್ಟಿಯನ್ನು ಮೇಜಿಗೆ ಅಂಟಿಸಿದರೆ ಅವಳು ಸಹಾಯಕಿಯ ಮುಖದ ಬದಲು ಅದನ್ನು ನೋಡುತ್ತಾಳೆ. ನೆರವು ಕೊಡುವ ಯೋಜನೆಯಲ್ಲೇ ಅದನ್ನು ಹಿಂತೆಗೆಯುವ ಹಂತಗಳೂ ಇರಬೇಕು.

ಪ್ರಶ್ನೆ: ಪರೀಕ್ಷೆಯಲ್ಲಿ ಒಬ್ಬ ಹುಡುಗನಿಗೆ ಮಾತ್ರ ಪ್ರಶ್ನೆ ಓದಿ ಹೇಳುತ್ತಾರೆ. ಉಳಿದವರಿಗೆ ಅನ್ಯಾಯವಲ್ಲವೇ?

ಉತ್ತರ: ಏನನ್ನು ಪರೀಕ್ಷಿಸುತ್ತಿದ್ದಾರೆ ನೋಡಿ. ಗಣಿತವಾದರೆ ಓದಿ ಹೇಳುವುದು ಸರಿ, ಲೆಕ್ಕ ಅವನೇ ಮಾಡಬೇಕಲ್ಲ. ಓದುವ ಸಾಮರ್ಥ್ಯದ್ದೇ ಪರೀಕ್ಷೆಯಾದರೆ ಓದಿ ಹೇಳುವಂತಿಲ್ಲ. ಪಾಠವನ್ನೇ ಕಡಿತ ಮಾಡುವುದು ಬೇರೆ ಸಂಗತಿ: ಅದರಿಂದ ಮುಂದಿನ ತರಗತಿಗಳಲ್ಲಿ ಅಂತರ ಹೆಚ್ಚುತ್ತದೆ, ಹಾಗಾಗಿ ಹೆತ್ತವರಿಗೆ ತಿಳಿಸಿ, ಬರೆದಿಟ್ಟೇ ಮಾಡಬೇಕು.